ತೆರೆಯದ ತೂತು

ನಮ್ಮ ಕಂಪನಿಯಲ್ಲಿದ್ದ ಗದಗಿನ ಗಾರೆ ಮೇಸ್ತ್ರಿ ಕೆಲಸ ಮುಗಿದ ಮೇಲೆ ಕಣ್ಣು ಮುಚ್ಚಿ, ಅಂಗೈಯಿಂದ ಗೋಡೆ ಸವರಿ, "ಗ್ವಾಡಿ ಸುಳ್ಳ ಹೇಳೂದಿಲ್ರೀ" ಎನ್ನುತ್ತಿದ್ದ.

ಕೊಲ್ಲಿ ಯುದ್ಧದಲ್ಲಿ ಒಂದು ಕುಟುಂಬವೇ ಸತ್ತಿದ್ದ ರುಮೈಥಿಯಾದ ಮನೆಯನ್ನು ಮ್ಯೂಸಿಯಂ ಮಾಡುವಾಗ, ರಿಪೇರಿ ಎಂದು ತಿಳಿದು ಅವನು ಗುಂಡಿನ ತೂತುಗಳನ್ನೆಲ್ಲ ಅಂದವಾಗಿ ಮುಚ್ಚಿಬಿಟ್ಟ. ಜನ ನೋಡಬೇಕಾದ್ದೇ ಆ ತೂತುಗಳನ್ನು ಎಂದು ಬೈದು, ಅವನ ಕೈಗೇ ಡ್ರಿಲ್ ಕೊಟ್ಟು ಮತ್ತೆ ತೆರೆಸಿದವನು ನಾನೇ.

ವರ್ಷಗಳ ನಂತರ ಇಬ್ಬರೂ ಆ ಮನೆ ನೋಡಲು ಹೋದೆವು. ಜನ ತೂತುಗಳಲ್ಲಿ ಬೆರಳಿಟ್ಟು ನಿಟ್ಟುಸಿರು ಬಿಡುತ್ತಿದ್ದರು. ಅವನು ಮಾತ್ರ ಕುಕ್ಕರುಗಾಲಲ್ಲಿ ಕೂತು, ಮೊಣಕಾಲೆತ್ತರದಲ್ಲಿ ನುಣ್ಣಗಿದ್ದ ಜಾಗವನ್ನು ಸವರಿದ.

"ಇಲ್ಲೊಂದಿತ್ರೀ ಸಾಹೇಬ್ರ. ನಾ ತೆಗೀಲಿಲ್ಲ."

"ಯಾಕೋ?"

"ಇಷ್ಟ ಕೆಳಗ ಯಾರ ನಿಂತಿದ್ರು ಅಂತ ಮಂದಿ ಕೇಳಿದ್ರ, ಏನ ಹೇಳೂದ್ರೀ?"