ಸೈಕಲ್ಲಿಗೆ ಒತ್ತೆ ಕೂತದ್ದು

ಎಮ್ಮೆ ಕೊಳ್ಳುವಾಗ ಎರಡು ಹೊತ್ತು ಹಾಲು ಹಿಂಡಿ ನೋಡಬೇಕು. ಒಂದೇ ಹೊತ್ತು ನೋಡಿ ರೊಕ್ಕ ಕೊಟ್ಟವರು ಸಂಜೆಗೆ ಒದೆ ತಿಂದದ್ದನ್ನು ಕಂಡಿದ್ದೇನೆ. ಸೈಕಲ್ಲಿಗೂ ಇದೇ ಮಾತು ಎಂದರೆ ಮೊಮ್ಮಗಳು ನಕ್ಕಳು.

ಅವಳಿಗೆ ಹುಬ್ಬಳ್ಳಿಯ ದುರ್ಗದಬೈಲಿನ ಔಷಧದ ಅಂಗಡಿಯಲ್ಲಿ ಕೆಲಸ. ರವಿವಾರ ಬಂತೆಂದರೆ ಸೈಕಲ್ ಮೇಲೆ ಗುಡ್ಡ ಇಳಿಯುವ ಹುಚ್ಚು. ಹಳೆಯ ಸೈಕಲ್ಲಿಗೆ ಮುಂದೆ ಮಾತ್ರ ಸ್ಪ್ರಿಂಗು, ಹಿಂದೆ ಒಣ ಕಟ್ಟಿಗೆಯ ಹಾಗೆ ಬಿರುಸು. ಹೋದ ಮಳೆಗಾಲದಲ್ಲಿ ಹಿಂದಿನ ಗಾಲಿ ಕಲ್ಲಿಗೆ ಪುಟಿದು ಅವಳನ್ನು ಎತ್ತಿ ಒಗೆಯಿತು. ಹೆಗಲಿನ ಎಲುಬು ಮುರಿಯಿತು. ಇನ್ನೊಮ್ಮೆ ಮುರಿದರೆ ಸೈಕಲ್ ಗುಜರಿಗೆ ಎಂದು ಅವಳ ಅವ್ವ, ನನ್ನ ಮಗಳು, ಖಡಾಖಂಡಿತ ಹೇಳಿಬಿಟ್ಟಳು. ಹಿಂದೆಯೂ ಸ್ಪ್ರಿಂಗ್ ಇರುವುದು ಬೇಕಿತ್ತು. ಹೊಸದು ನಮ್ಮ ಕೈಗೆ ನಿಲುಕುವ ಮಾತಲ್ಲ. ಹಳೆಯದನ್ನು ಮಾರಿ, ಅದಕ್ಕೆ ನನ್ನ ಹಾಲಿನ ರೊಕ್ಕ ಸೇರಿಸಿ, ಯಾರಾದರೂ ಓಡಿಸಿ ಬಿಟ್ಟದ್ದನ್ನು ಹುಡುಕಿದೆವು. ಧಾರವಾಡದಲ್ಲಿ ಒಬ್ಬ ಮಾಸ್ತರರ ಮನೆಯಲ್ಲಿ ಸಿಕ್ಕಿತು. ಮೊಣಕಾಲು ನೋವು ಹಿಡಿದು ಅವರು ಓಡಿಸುವುದು ಬಿಟ್ಟಿದ್ದರು.

ಅಂಗಳದಲ್ಲೇ ಒಂದು ಸುತ್ತು ಹೊಡೆಯಲಿ ಎಂದರು ಮಾಸ್ತರರು. ಅಂಗಳಕ್ಕೆ ನುಣ್ಣನೆಯ ಫರಸಿಯ ಹಾಸು. ಅದರ ಮೇಲೆ ಏನು ತಿಳಿಯುತ್ತದೆ? ಗುಡ್ಡದಲ್ಲಿ ಇಳಿಸಿ ನೋಡಬೇಕು ಎಂದೆ. ಹಾಗಾದರೆ ರೊಕ್ಕ ಇಟ್ಟು ಹೋಗಿ ಎಂದರು.

"ರೊಕ್ಕ ಇಡೂದಿಲ್ರಿ. ನಾನ ಒತ್ತಿ ಕುಂದರ್ತೇನಿ."

"ನಿಮ್ಮನ್ನ ಇಟ್ಕೊಂಡು ನಾ ಏನ್ ಮಾಡ್ಲಿ ಅಜ್ಜಿ?"

"ಭಾಂಡೆ ತಿಕ್ಕಾಕ ಆಗ್ತಾರ, ಇರ್ಲಿ ಬಿಡ್ರಿ," ಎಂದಳು ಒಳಗಿಂದ ಅವರ ಹೆಂಡತಿ.

ಕಟ್ಟೆಯ ಮೇಲೆ ಕೂತೆ. ಸೈಕಲ್ ಛಲೋ ಇದ್ದರೂ ಮುಖ ಗಂಟು ಹಾಕಿಕೊಂಡೇ ಬಾ, ದರ ಇಳಿಸಬೇಕು ಎಂದು ಮೊಮ್ಮಗಳ ಕಿವಿಯಲ್ಲಿ ಹೇಳಿ ಕಳಿಸಿದೆ.

ಚಹಾ ಆಯಿತು. ಬಿಸಿಲು ಕಟ್ಟೆಗೆ ಬಂತು. ಅವಳು ಬರಲಿಲ್ಲ. ಮಾಸ್ತರರು ಫೋನ್ ಹಚ್ಚಿದರೆ ಎತ್ತಲಿಲ್ಲ. ಅವರು ಗೇಟಿಗೂ ಕಟ್ಟೆಗೂ ಅಡ್ಡಾಡತೊಡಗಿದರು. ಅವರಿಗೆ ಸೈಕಲ್ಲಿನ ಚಿಂತೆ. ನನಗೆ ಆ ಹೆಗಲಿನದು. ಕೂಡಿದ ಎಲುಬು ಮೊದಲಿನಂತೆ ಇರುವುದಿಲ್ಲ. ಗುಡ್ಡಕ್ಕೆ ಅಟ್ಟಿದವಳು ನಾನೇ. ಕೂತಿರಲು ಆಗದೆ ಎದ್ದು ಗೇಟಿಗೆ ಹೊರಟರೆ ಮಾಸ್ತರರು ಅಡ್ಡ ನಿಂತರು.

"ಎಲ್ಲಿ ಹೊಂಟ್ರಿ? ನೀವು ಒತ್ತಿ ಅದೀರಿ."

ಚೇಷ್ಟೆಗೆ ಹೇಳಿದ್ದಲ್ಲ. ಖರೇನೇ ಹೇಳಿದ್ದು. ಅವರನ್ನು ಸರಿಸಿಯೇ ಹೋಗುತ್ತಿದ್ದೆ, ಅಷ್ಟರಲ್ಲಿ ಅವಳು ಬಂದಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಮುಖದಲ್ಲಿ ಮಾತ್ರ ಗಂಟಿಲ್ಲ, ಹಲ್ಲು ಕಿಸಿದಿದ್ದಳು. ಸೀದಾ ಹೋಗಿ ಹೆಗಲು ಒತ್ತಿದೆ. ಕೈ ಎತ್ತು ಎಂದೆ. ಪೂರಾ ಎತ್ತಿದಳು. ಜೀವ ಬಂತು. ಜೀವ ಬಂದಕೂಡಲೇ ವ್ಯಾಪಾರವೂ ನೆನಪಾಯಿತು.

"ನೋಡ್ರಿ, ನಿಮ್ಮ ಸೈಕಲ್ ಹುಡುಗಿನ್ನ ಕೆಡವೇತಿ."

"ಇಲ್ಲಜ್ಜಿ," ಎಂದಳು ಈ ಜಾಣೆ. "ಮತ್ತ ಮತ್ತ ಹತ್ತಿ ಇಳದ್ನಿ, ಹಿಂದಿನ ಗಾಲಿ ಒಮ್ಮೆನೂ ಪುಟೀಲಿಲ್ಲ. ಬರೂ ಮುಂದ ಡಾಂಬರ್ ರಸ್ತ್ಯಾಗ ನಾಯಿ ಅಡ್ಡ ಬಂತು, ಬಿದ್ನಿ."

ಮಾಸ್ತರರ ಮುಖ ಅರಳಿತು. ಇನ್ನು ಒಂದು ರೂಪಾಯಿಯಾದರೂ ಇಳಿಸುತ್ತಾರೆಯೇ? ಬಾಯಿ ತುಂಬ ಬೈದೆ ಅವಳಿಗೆ. ಬೈಯುತ್ತಲೇ ಸೆರಗಿನ ಗಂಟು ಬಿಚ್ಚಿ ಅವರು ಕೇಳಿದಷ್ಟನ್ನೂ ಕೊಟ್ಟೆ. ಅವಳು ಸೈಕಲ್ ಹತ್ತಿ ಹುಬ್ಬಳ್ಳಿಯ ಹಾದಿ ಹಿಡಿದಳು. ಡಾಂಬರಿನ ಮೇಲೆ ಹುಷಾರು ಎಂದು ಕೂಗಿದೆ. ಕಲ್ಲಿನ ಮಾತು ಎತ್ತಲಿಲ್ಲ.