ಅಂಗೈಯಲ್ಲಿ ಲಿಂಗ, ಬಾಯಲ್ಲಿ ಬೆಲ್ಲ

ಅಂಗೈಯಲ್ಲಿದ್ದ ಇಷ್ಟಲಿಂಗ ದೀಪದಂತೆ ಹೊಳೆಯತೊಡಗಿತು. ಹೇಮಾವತಿ ಹೊಳೆಯೇ ಸದ್ದಿಲ್ಲದೆ ಕೋಣೆಯೊಳಕ್ಕೆ ಹರಿದು ಬಂದು ನನ್ನನ್ನು ಹಗುರವಾಗಿ ಎತ್ತಿಕೊಂಡಂತಾಯಿತು. ಮೈ ಬೆವರುತ್ತಿತ್ತು, ಕೈ ನಡುಗುತ್ತಿತ್ತು. ಶಿವನ ಕೃಪೆ ಎಂದರೆ ಇದೇ ಇರಬೇಕೆಂದು ಕಣ್ಣು ತುಂಬಿ ಬಂತು.

ಆಗ ಯುದ್ಧಕಾಲ. ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ನಾನು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ ತಿಂಗಳೂ ಆಗಿರಲಿಲ್ಲ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ತಡಮಾಡದೆ ಉಣ್ಣಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ತೀರಾ ಇಳಿದು ಮಂಕು ಕವಿಯುತ್ತದೆ, ಬಾಗಿಲಿಗೆ ಅಗಳಿ ಹಾಕಬಾರದು ಎಂದು ಹಾಸನದ ಡಾಕ್ಟರು ಹೇಳಿದ್ದರು. ಅಗಳಿಯನ್ನೇನೋ ಹಾಕಿರಲಿಲ್ಲ. ಆದರೆ ಪೂಜೆಯಾಗದೆ ತುತ್ತು ಮುಟ್ಟದ ಮನೆತನ ನನ್ನದು. ಸೂಜಿ ಚುಚ್ಚಿಕೊಂಡು ಪೂಜೆಗೆ ಕೂತುಬಿಟ್ಟಿದ್ದೆ.

ಮೊಸರು ಮಾರುವ ನಿಂಗಮ್ಮ ಕೂಗಿ ಕೂಗಿ, ಉತ್ತರ ಬಾರದೆ ಒಳಗೇ ಬಂದಳು. ನಾನೇನಾದರೂ ಮಂಕಾಗಿದ್ದರೆ ಬೆಲ್ಲ ತಿನ್ನಿಸೆಂದು ಅವಳಿಗೆ ಮೊದಲೇ ಹೇಳಿಟ್ಟಿದ್ದೆ. ಅಡುಗೆಮನೆಯಿಂದ ಅಚ್ಚುಬೆಲ್ಲ ಒಡೆದು ತಂದು ಬಾಯಿಗಿಟ್ಟಳು.

“ಪೂಜೆ ಇನ್ನೂ ಮುಗಿದಿಲ್ಲ” ಎಂದು ತೊದಲಿದೆ.

“ನಿನ್ ಸಿವ ಎಲ್ಲೂ ಓಗಕ್ಕಿಲ್ಲ ಕಣವ್ವಾ. ನೀನೇ ಒಂಟೋಗ್ತೀಯ, ಮೊದ್ಲು ನುಂಗು!”

ಬೆಲ್ಲ ಕರಗುತ್ತ ಬಂದಂತೆ ಹೊಳೆ ಹಿಂದೆ ಸರಿಯಿತು. ಎದುರಿಗೆ ನಿಂಗಮ್ಮನ ಕಣ್ಣೀರು ತುಂಬಿದ ಮುಖ ಕಾಣಿಸಿತು.

ಅಂದಿನಿಂದ ನನಗೆ ಪೂಜೆ ಮೊದಲು, ಸೂಜಿ ಆಮೇಲೆ, ಅದರ ಬೆನ್ನಿಗೇ ಊಟ. ವಿಭೂತಿಯ ಪಕ್ಕದಲ್ಲೇ ಬೆಲ್ಲದ ಡಬ್ಬಿ ಇರುತ್ತದೆ. ಆ ಬೆಳಕಿಗಾಗಿ ಒಮ್ಮೊಮ್ಮೆ ಈಗಲೂ ಮನಸ್ಸು ಹಂಬಲಿಸುತ್ತದೆ. ಅದು ಬಂದೇಬಿಟ್ಟರೆ ಮಾತ್ರ, ಕೈ ಮುಗಿಯುವ ಮೊದಲು ಬೆಲ್ಲಕ್ಕೆ ಕೈ ಚಾಚುತ್ತೇನೆ.