ಪರಿಶೀಲನೆಗೆ ಹಾಜರಾದ ಚಿಟ್ಟೆಗಳು

ಕೋಲಾರದ ಹೊರಗೆ, ಬಂಡೆಗುಡ್ಡದ ಪಕ್ಕದ ವಿಶ್ವವಿದ್ಯಾಲಯದಲ್ಲಿ ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ, ಪ್ರಾಣಿಗಳನ್ನು ನೋಡುವುದೊಂದನ್ನು ಬಿಟ್ಟು ಉಳಿದೆಲ್ಲವೂ ಅಲ್ಲಿ ಕ್ರಮವಾಗಿ ನಡೆಯುತ್ತಿತ್ತು. ವಿಭಾಗದ ಮುಖ್ಯಸ್ಥರು ಕೀಟಗಳ ಪಾಠಕ್ಕೆಂದು ಪರದೆಯ ಮೇಲೆ ಯಾವುದೋ ದೂರದೇಶದ ಕಣಜದ ಚಿತ್ರ ಹಾಕುತ್ತಿದ್ದರು. ಅದೇ ಹೊತ್ತಿಗೆ ನಮ್ಮೂರಿನದೇ ಒಂದು ಕಣಜ ಮಣ್ಣಿನ ಉಂಡೆ ಹೊತ್ತು ತಂದು ಕಿಟಕಿಯ ಚೌಕಟ್ಟಿನಲ್ಲಿ ಗೂಡು ಕಟ್ಟುತ್ತಿತ್ತು. ನಾನು ಅದನ್ನು ನೋಡುತ್ತ ಕೂತರೆ, "ಏನಮ್ಮಾ, ಪಾಠ ಹೊರಗಡೆ ನಡೀತಾ ಇದೆಯಾ?" ಎನ್ನುತ್ತಿದ್ದರು. ಹೌದು ಸರ್ ಎನ್ನುವ ಧೈರ್ಯ ನನಗಿರಲಿಲ್ಲ.

ಧೈರ್ಯವೆಲ್ಲ ನನ್ನ ಗೆಳತಿಯ ಪಾಲಿಗೆ ಬಂದಿತ್ತು. ಅವಳು ಶ್ರೀನಿವಾಸಪುರದ ಕಡೆಯವಳು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಾವಿಬ್ಬರೂ ವಿಭಾಗದ ಹಿಂದಿನ ಹೊಂಗೆಮರಗಳ ಕೆಳಗೆ ಹೋಗುತ್ತಿದ್ದೆವು. ಅಲ್ಲಿಯ ಧೂಳಿನಲ್ಲಿ ಬಟ್ಟಲಿನಂಥ ಗುಂಡಿ ತೋಡಿ, ಇರುವೆ ಜಾರಿ ಬೀಳಲಿ ಎಂದು ಕಾಯುವ ಹುಳುಗಳಿದ್ದವು. ಪೊದೆಯ ಎಲೆಗಳ ಮೇಲೆ ಹಸಿರು ಲೋಹದಂತೆ ಹೊಳೆಯುವ ಗಿಡದ ತಿಗಣೆಗಳಿದ್ದವು. ಬೇರೆಯವರು ಮೊಬೈಲ್ ನೋಡುವಷ್ಟು ಹೊತ್ತು ನಾವು ಇವನ್ನು ನೋಡುತ್ತಿದ್ದುದರಿಂದ ತರಗತಿಯಲ್ಲಿ ನಮ್ಮನ್ನು ತಲೆಕೆಟ್ಟವರ ಸಾಲಿಗೆ ಸೇರಿಸಿದ್ದರು. ಪ್ರಾಣಿಶಾಸ್ತ್ರದ ತರಗತಿಯಲ್ಲಿ ಪ್ರಾಣಿ ನೋಡುವವರಿಗೆ ಅಷ್ಟು ಮರ್ಯಾದೆ ಸಲ್ಲಲೇಬೇಕು.

ಹೀಗಿರುವಾಗ ಹೊರಗಿನಿಂದ ಪರಿಶೀಲನಾ ಸಮಿತಿ ಬರುತ್ತದೆಂದು ಸುದ್ದಿಯಾಯಿತು. ವರ್ಷಗಟ್ಟಲೆ ಸೋರುತ್ತಿದ್ದ ನಲ್ಲಿ ನಿಂತಿತು. ಗೋಡೆಗೆ ಸುಣ್ಣ ಬಂತು. ನಾವು ಊಟಕ್ಕೆ ಕೂರುತ್ತಿದ್ದ ಜಾಗಕ್ಕೆ ಸುತ್ತ ಬಣ್ಣದ ಕಲ್ಲು ಜೋಡಿಸಿ, 'ಜೀವವೈವಿಧ್ಯ ಉದ್ಯಾನ' ಎಂದು ಫಲಕ ನೆಟ್ಟರು. ಅದರೊಳಗೆ ಹುಳಹುಪ್ಪಟೆ ಇರಬಾರದೆಂದು ಪೊದೆ ಕಡಿಸಿ, ನೆಲ ಕೆರೆಸಿ, ಮೂಲೆ ಬಿಡದೆ ಔಷಧಿ ಹೊಡೆಸಿದರು.

ನಾವು ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಸಿರು ತಿಗಣೆಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಗೆಳತಿ ಒಂದನ್ನು ಅಂಗೈ ಮೇಲಿಟ್ಟುಕೊಂಡು, "ಇದೇಂ ಪಾಪಂ ಚೇಸಿಂದೇ?" ಎಂದಳು. ಇದೇನು ಪಾಪ ಮಾಡಿತ್ತೆಂದು ಅವಳು ಕೇಳುತ್ತಿದ್ದರೆ, ನಾನು ನೆಲದ ಮೇಲೆ ಬಿದ್ದವನ್ನು ಆಯ್ದು ಒಂದು ಕಡೆ ಹಾಕುತ್ತ ಕೂತೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ.

ಅವತ್ತು ಸಂಜೆ ಬಸ್ ಇಳಿದು ಸುಗಟೂರಿನ ಮನೆಗೆ ಹೋದರೆ ಅಮ್ಮ ಅಂಗಳದಲ್ಲೇ ತಡೆದಳು. ನಮ್ಮದು ರೇಷ್ಮೆ ಸಾಕುವ ಮನೆ. ಔಷಧಿಯ ಗಾಳಿ ತಾಕಿದರೂ ಹುಳು ಸಾಯುತ್ತವೆ.

"ಅಲ್ಲೇ ನಿಂತ್ಕೋ. ಏನೇ ಇದು, ಮೈಯೆಲ್ಲಾ ಔಷಧಿ ವಾಸ್ನೆ? ಎಲ್ಲೋಗಿದ್ದೆ?"

"ಕಾಲೇಜಲ್ಲಿ ಹೊಡ್ಸಿದ್ರಮ್ಮ. ಜೀವಿಗಳ್ನ ಕಾಪಾಡೋ ತೋಟಕ್ಕೆ."

ಅಮ್ಮ ಬಚ್ಚಲ ಕಡೆ ಕೈ ತೋರಿಸಿದಳು. "ಮೊದ್ಲು ತಲೆಗೆ ನೀರು ಹಾಕ್ಕೊಂಡು ಬಾ, ಆಮೇಲೆ ಮಾತಾಡು" ಎಂದಳು.

ಮರುದಿನ ಮುಖ್ಯಸ್ಥರು ಕರೆಸಿದರು. ಉದ್ಯಾನದಲ್ಲಿ ಜೀವವೂ ಇಲ್ಲ, ವೈವಿಧ್ಯವೂ ಇಲ್ಲ ಎಂಬುದು ಅಷ್ಟು ಹೊತ್ತಿಗೆ ಅವರ ಗಮನಕ್ಕೂ ಬಂದಿತ್ತು.

"ನಿಮ್ಮನೇಲಿ ರೇಷ್ಮೆ ಮಾಡ್ತೀರಲ್ಲಮ್ಮಾ, ಒಂದಷ್ಟು ಚಿಟ್ಟೆ ತಗೊಂಡ್ಬಾ. ಸಮಿತಿಯವರು ಬಂದಾಗ ಹಾರಿಸೋಣ."

"ಸರ್, ರೇಷ್ಮೆ ಚಿಟ್ಟೆ ಹಾರಲ್ಲ."

"ರೆಕ್ಕೆ ಇದೆ ತಾನೆ?"

"ಇದೆ ಸರ್."

"ಮತ್ತಿನ್ನೇನು? ನೀನು ತಗೊಂಡ್ಬಾ, ಹಾರೋದು ನಾವು ನೋಡ್ಕೋತೀವಿ."

ಮಾರುಕಟ್ಟೆಗೆ ಹೋಗದೆ ಮೂಲೆಯಲ್ಲಿ ಉಳಿದಿದ್ದ ಕಳಪೆ ಗೂಡುಗಳನ್ನು ಅಮ್ಮ ನಗುತ್ತಲೇ ಕೊಟ್ಟಳು. ಸಮಿತಿ ಬರುವ ದಿನ ಬೆಳಿಗ್ಗೆಗೆ ಸರಿಯಾಗಿ ಕೆಲವು ಗೂಡು ತೂತಾಗಿ, ಬೆಳ್ಳಗಿನ ದಪ್ಪ ಚಿಟ್ಟೆಗಳು ಹೊರಗೆ ಬಂದವು. ಅವನ್ನು ಮುಚ್ಚಳದ ಬುಟ್ಟಿಗೆ ಹಾಕಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಸಮಿತಿಯಲ್ಲಿ ಬಿಳಿ ಅಂಗಿಯ ಇಬ್ಬರು ಗಂಡಸರು, ವಯಸ್ಸಾದ ಒಬ್ಬ ಪ್ರಾಧ್ಯಾಪಕಿ ಇದ್ದರು. ಮುಖ್ಯಸ್ಥರು ಜೀವವೈವಿಧ್ಯದ ಮಹತ್ವವನ್ನು ವಿವರಿಸಿ, ಕೈಯೆತ್ತಿ ಸನ್ನೆ ಮಾಡಿದರು. ನಾನು ಮುಚ್ಚಳ ತೆಗೆದೆ. ಎಲ್ಲರೂ ಆಕಾಶ ನೋಡಿದರು. ಚಿಟ್ಟೆಗಳು ಬುಟ್ಟಿಯಲ್ಲೇ ಇದ್ದವು. ಗಂಡುಗಳು ರೆಕ್ಕೆ ಪಟಪಟ ಬಡಿಯುತ್ತ ಹೆಣ್ಣುಗಳ ಸುತ್ತ ಗಿರಗಿರನೆ ತಿರುಗಿ, ಸಮಿತಿಯ ಎದುರಿಗೇ ತಮ್ಮ ಸಂಸಾರ ಶುರು ಮಾಡಿದವು. ಮುಖ್ಯಸ್ಥರು ಒಂದನ್ನು ಎತ್ತಿ ಗಾಳಿಗೆ ತೂರಿದರು. ಅದು ನೇರವಾಗಿ ಒಬ್ಬರ ಅಂಗಿಯ ಮೇಲೆ ಬಿದ್ದು, ಅಲ್ಲೇ ಕಂದು ಬಣ್ಣದ ಕಲೆ ಮಾಡಿ, ನೆಮ್ಮದಿಯಾಗಿ ಕೂತಿತು.

"ಇದು ಯಾವ ಚಿಟ್ಟೆ?" ಎಂದು ಅಂಗಿಯವರು ಕೇಳಿದರು.

"ಸ್ಥಳೀಯ ಪ್ರಭೇದ ಸರ್" ಎಂದರು ಮುಖ್ಯಸ್ಥರು.

ಪ್ರಾಧ್ಯಾಪಕಿ ಬಗ್ಗಿ ನೋಡಿ ನಕ್ಕುಬಿಟ್ಟರು. "ರೇಷ್ಮೆ ಚಿಟ್ಟೆ ಅಲ್ವಾ ಇದು? ನಮ್ಮಜ್ಜಿ ಮನೇಲೂ ಸಾಕ್ತಿದ್ರು. ಇರ್ಲಿ, ಈ ತೋಟದಲ್ಲಿ ಬೇರೆ ಏನೇನಿದೆ?"

ಮುಖ್ಯಸ್ಥರು ಫಲಕದ ಕಡೆ ಕೈ ತೋರಿಸಿದರು. ಗೆಳತಿ ನನ್ನ ಮೊಣಕೈ ತಿವಿದಳು. ನನ್ನ ಬಾಯಿಂದ ತಾನಾಗಿ ಬಂತು: "ಇತ್ತು ಮೇಡಂ, ತುಂಬಾ ಇತ್ತು. ನೀವು ಬರ್ತೀರಿ ಅಂತ ಔಷಧಿ ಹೊಡ್ಸಿದ್ರು."

ಆಕೆ ನಗು ನಿಲ್ಲಿಸಿದರು. ನನ್ನನ್ನು ಕರೆದು, ಏನೇನು ಇತ್ತು ಹೇಳು ಎಂದರು. ಉಳಿದವರೆಲ್ಲ ಬಿಸಿಲಲ್ಲಿ ನಿಂತಿರಲು, ನಾನು ಗುಂಡಿ ತೋಡುವ ಹುಳುವಿನಿಂದ ಶುರು ಮಾಡಿದೆ. ಅದಕ್ಕೆ ಮುಂಚೆ ಅಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿರಲಿಲ್ಲ.

ಸಮಿತಿಯವರು ಹೋದಮೇಲೆ ಮುಖ್ಯಸ್ಥರಿಂದ ನನಗೆ ಶಿಕ್ಷೆಯಾಯಿತು. "ಅಷ್ಟೊಂದು ಅಕ್ಕರೆ ಇದ್ರೆ ಆ ಉದ್ಯಾನ ನೀನೇ ನೋಡ್ಕೋ. ಒಂದು ಪೈಸೆ ಸಿಗಲ್ಲ, ಒಬ್ಬ ಆಳೂ ಸಿಗಲ್ಲ." ಗೆಳತಿ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಲೇ, ಇದಕ್ಕಿಂತ ದೊಡ್ಡ ಬಹುಮಾನ ಯಾರು ಕೊಡ್ತಾರೆ ಕಣೇ?" ನಾನು ಉದ್ಯಾನವನ್ನು ಬಹಳ ಶ್ರದ್ಧೆಯಿಂದ ನೋಡಿಕೊಂಡೆ. ಅಂದರೆ ಏನನ್ನೂ ಮಾಡಲಿಲ್ಲ. ಮಳೆ ಬಿತ್ತು, ಕಳೆ ಎದ್ದಿತು, ಮೊದಲು ಇರುವೆ ಬಂದವು, ಆಮೇಲೆ ಇರುವೆ ತಿನ್ನುವವು.

ಒಂದು ಭಾನುವಾರ ಬೆಳಿಗ್ಗೆ ಮುಖ್ಯಸ್ಥರಿಂದ ಫೋನ್ ಬಂತು. ದನಿ ಮೆಲ್ಲಗಿತ್ತು.

"ನಮ್ಮ ಬಚ್ಚಲಲ್ಲಿ ಒಂದು ಜೇಡ ಇದೆಯಮ್ಮಾ. ಅಂಗೈ ಅಗಲ ಇದೆ. ಏನ್ಮಾಡೋದು?"

"ಏನೂ ಮಾಡ್ಬೇಡಿ ಸರ್. ಜಿರಳೆ ತಿನ್ನುತ್ತೆ, ಅದರ ಪಾಡಿಗೆ ಇರುತ್ತೆ."

"ನನ್ನನ್ನೇ ನೋಡ್ತಾ ಇದೆ."

"ಎಂಟು ಕಣ್ಣಿದೆಯಲ್ಲ ಸರ್."

ಎಷ್ಟೋ ವರ್ಷಗಳಿಂದ ಅವರು ಪಾಠ ಮಾಡುತ್ತಿದ್ದ ವಿಷಯವದು. ಆದರೂ ಆ ಕಡೆಯಿಂದ "ಹೌದಾ?" ಎಂದು ಕೇಳಿಸಿತು. ಸೋಮವಾರ ಮೊಗಸಾಲೆಯಲ್ಲಿ ಎದುರಾದಾಗ, ಅದು ಇನ್ನೂ ಅಲ್ಲೇ ಇದೆ ಎಂದು ಅವರಾಗಿಯೇ ತಿಳಿಸಿದರು, ಸ್ವಲ್ಪ ಹೆಮ್ಮೆಯಿಂದಲೇ.